ಉಸಿರಿಗೊಂದು ಕವಾಟ: ಹೊಲ ಮಾರುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಹುಬ್ಬಳ್ಳಿಯ ಆಸ್ಪತ್ರೆಯೊಂದರ ವಾರ್ಡಿನಲ್ಲಿ ರೋಗಿಗಳ ಭೇಟಿಗೆಂದು ಹೋಗಿದ್ದಾಗ ಹಳಿಯಾಳ ಕಡೆಯ ತಾಯಿಯೊಬ್ಬರನ್ನು ಕಂಡೆವು. ವಯಸ್ಸು ಅರವತ್ತರ ಆಸುಪಾಸು. ಮಂಚದ ಅಂಚಿಗೆ ಕುಳಿತು, ಎರಡೂ ಕೈಗಳನ್ನು ಮೊಣಕಾಲಿಗೆ ಊರಿ, ತುಟಿ ಮುಂದೆ ಮಾಡಿ ಉಸಿರು ಬಿಡುತ್ತಿದ್ದರು. ಮಾತು ಮೂರು ಮೂರು ಶಬ್ದಗಳಲ್ಲಿ ಬರುತ್ತಿತ್ತು. ಬೀಡಿ, ತಂಬಾಕಿನ ಅಭ್ಯಾಸ ಇತ್ತೇನೋ ಎಂದು ವಿಚಾರಿಸಿದೆವು. "ನಾ ಬೀಡಿ ಸೇದಿಲ್ರೀ ಫಾದರ್. ಒಲಿ ಊದೇನಿ. ನಲವತ್ತು ವರ್ಷ," ಎಂದರು.

ಅವರ ಮಗ ನಮ್ಮನ್ನು ವರಾಂಡಕ್ಕೆ ಕರೆದುಕೊಂಡು ಬಂದ. ಯಾರೋ ಮೊಬೈಲಿನಲ್ಲಿ ವಿಡಿಯೋ ತೋರಿಸಿದ್ದರಂತೆ. "ಎದಿ ಕೊಯ್ಯೂದಿಲ್ಲ ಫಾದರ್. ಬಾಯಾಗಿಂದ ಪೈಪ್ ಬಿಟ್ಟು ಪುಪ್ಪುಸದಾಗ ವಾಲ್ವ್ ಕೂಡಸ್ತಾರಂತ. ಆಮ್ಯಾಲ ಅವ್ವ ಆರಾಮ ಅಡ್ಡಾಡ್ತಾಳಂತ. ಲಕ್ಷಗಟ್ಟಲೆ ಬೇಕಂತ. ಎರಡ ಎಕರೆ ಹೊಲ ಐತಿ. ಮಾರಲೇನ್ರೀ?" ಎಂದು ಕೇಳಿದ.

ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಈ ಬರಹ ಆ ಪ್ರಶ್ನೆಯಿಂದ ಹುಟ್ಟಿದ್ದು. ಇಂಥ ಪ್ರಶ್ನೆ ಇಂದು ಅನೇಕ ಧರ್ಮಕೇಂದ್ರಗಳ ಗುರುಮನೆಯ ಬಾಗಿಲಿಗೆ ಬರುತ್ತಿದೆ. ವೈದ್ಯಕೀಯ ನೆರವಿನ ಅರ್ಜಿ ಹಿಡಿದು ಬರುವವರಿಗೆ ಸಹಿ ಹಾಕುವ ಮುನ್ನ ನಾವು, ನಮ್ಮ ಪಾಲನಾ ಮಂಡಳಿಗಳು, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು ವಿಷಯವನ್ನು ಸ್ವಲ್ಪವಾದರೂ ತಿಳಿದಿರಬೇಕಲ್ಲವೇ?

ಕರಾವಳಿಯವರಿಗೆ ಹುಬ್ಬಳ್ಳಿ ಏಕೆ?

ಕರಾವಳಿಯ ಓದುಗರು ಹುಬ್ಬಳ್ಳಿ-ಧಾರವಾಡದ ಮಾತು ನಮಗೇಕೆ ಎಂದು ಕೇಳಬಹುದು. ದಕ್ಷಿಣ ಕನ್ನಡ, ಉಡುಪಿಯವರಿಗೆ ಕಂಕನಾಡಿ ಇದೆ, ಮಣಿಪಾಲ ಇದೆ. ಆದರೆ ಘಟ್ಟದ ಮೇಲಿನ ಯಲ್ಲಾಪುರ, ಮುಂಡಗೋಡ, ಹಳಿಯಾಳ, ದಾಂಡೇಲಿಯ ನಮ್ಮ ವಿಶ್ವಾಸಿಗಳಿಗೆ, ಅವರಲ್ಲಿ ಬಹುಪಾಲು ಸಿದ್ದಿ ಹಾಗೂ ಕೊಂಕಣಿ ಕ್ರೈಸ್ತ ಕುಟುಂಬಗಳಿಗೆ, ದೊಡ್ಡ ಆಸ್ಪತ್ರೆ ಎಂದರೆ ಹುಬ್ಬಳ್ಳಿಯೇ. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಎಷ್ಟು ಹಳೆಯದು ಎಂಬುದು ಎಲ್ಲರಿಗೂ ಗೊತ್ತು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟ್ ಬಳಿ ಮಗುಚಿ ಜೀವಗಳು ಹೋದಾಗ ಆ ಕೂಗು ಚಳವಳಿಯ ರೂಪ ಪಡೆಯಿತು. ಅಲ್ಲಿಯವರೆಗೂ, ಆ ಮೇಲೂ, ನಮ್ಮ ಜನ ಉಸಿರಿಗಾಗಿ ಜಿಲ್ಲೆಯ ಗಡಿ ದಾಟುತ್ತಲೇ ಇದ್ದಾರೆ.

ಹುಬ್ಬಳ್ಳಿಯಲ್ಲಿ ಅವರನ್ನು ಬರಮಾಡಿಕೊಳ್ಳುವುದು 1957ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಈಗ ಅದರ ಹೆಸರು ಕರ್ನಾಟಕ ವೈದ್ಯಕೀಯ ಮಹಾವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆ ಎಂದಾಗಿದ್ದರೂ ಜನರ ಬಾಯಲ್ಲಿ ಇಂದಿಗೂ ಅದು ಕಿಮ್ಸ್. ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜು ಇದೆ. ಖಾಸಗಿ ಆಸ್ಪತ್ರೆಗಳೂ ಹಲವಾರು. ಬ್ರಾಂಕೋಸ್ಕೋಪಿ, ಅಂದರೆ ಬಾಯಿ ಅಥವಾ ಮೂಗಿನ ಮೂಲಕ ಕ್ಯಾಮೆರಾ ಇರುವ ನಳಿಕೆ ಇಳಿಸಿ ಶ್ವಾಸನಾಳವನ್ನು ನೋಡುವ ವಿಧಾನ, ಅವಳಿ ನಗರಕ್ಕೆ ಹೊಸದೇನಲ್ಲ. ಹೊಸದು ಆ ನಳಿಕೆಯ ತುದಿಯಿಂದಲೇ ಚಿಕಿತ್ಸೆ ನಡೆಸುವ ಮಾತು. ಎದೆ ಸೀಳದೆ, ಪಕ್ಕೆಲುಬು ಅಗಲಿಸದೆ ಮಾಡುವ ಈ ಕಿರುಗಾಯದ ಚಿಕಿತ್ಸೆಯ ಸುದ್ದಿ ಈಗ ವಾರ್ಡಿನ ವರಾಂಡದವರೆಗೂ ಬಂದಿದೆ.

ಎರಡು ಹೊಗೆಗಳು, ಒಂದು ಧೂಳು

ವೈದ್ಯರು ಸಿಒಪಿಡಿ ಎಂದು ಕರೆಯುವ ಈ ಕಾಯಿಲೆಗೆ ನಮ್ಮಲ್ಲಿ ದಮ್ಮು, ಉಬ್ಬಸ, ಗೂರಲು ಎಂಬ ಹೆಸರುಗಳಿವೆ. ಅಸ್ತಮಾಕ್ಕೂ ಇದಕ್ಕೂ ವ್ಯತ್ಯಾಸವಿದೆ. ಅಸ್ತಮಾದಲ್ಲಿ ಶ್ವಾಸನಾಳ ಬಿಗಿಯುತ್ತದೆ, ಔಷಧಿಯಿಂದ ಸಾಮಾನ್ಯವಾಗಿ ಮತ್ತೆ ಸಡಿಲವಾಗುತ್ತದೆ. ಸಿಒಪಿಡಿಯಲ್ಲಿ ವರ್ಷಗಟ್ಟಲೆ ಹೊಗೆ, ಧೂಳು ಸೇವಿಸಿದ ಶ್ವಾಸಕೋಶ ಶಾಶ್ವತವಾಗಿ ಹಾಳಾಗಿರುತ್ತದೆ. ಹೋದದ್ದು ಮರಳಿ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಈ ಕಾಯಿಲೆಯಿಂದ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನ ಸತ್ತರು. 70 ವರ್ಷ ತುಂಬುವ ಮೊದಲೇ ಹೀಗೆ ಸಾಯುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬಡ ಹಾಗೂ ಮಧ್ಯಮ ಆದಾಯದ ದೇಶಗಳವರು. ಇದು ಬಡವರ ಕಾಯಿಲೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮೊದಲ ಹೊಗೆ ಬೀಡಿ-ಸಿಗರೇಟಿನದು. ಎರಡನೆಯದು ಒಲೆಯದು. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಸಾವುಗಳಾದವೆಂದು ಅದೇ ಸಂಸ್ಥೆ ಹೇಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ಅಸ್ತ್ರ ಕೇಂದ್ರ ಹೊಗೆ ಕಡಿಮೆ ಮಾಡುವ ಒಲೆಯನ್ನು ರೂಪಿಸಿ ಹಳ್ಳಿಗಳಿಗೆ ತಲುಪಿಸಿತ್ತು. 'ಅಸ್ತ್ರ ಒಲೆ' ಎಂಬ ಹೆಸರು ಹಿರಿಯರಿಗೆ ನೆನಪಿರಬಹುದು. 2016ರ ಮೇ 1ರಂದು ಆರಂಭವಾದ ಉಜ್ವಲ ಯೋಜನೆಯಿಂದ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಗ್ಯಾಸ್ ಸಂಪರ್ಕಗಳಾಗಿವೆ. ಇದು ದೊಡ್ಡ ಸಾಧನೆಯೇ. ಆದರೆ ನಮ್ಮ ಮನೆಗಳನ್ನೇ ಒಮ್ಮೆ ನೋಡಿ. ಚಹಾಕ್ಕೆ, ಸಾರಿಗೆ ಗ್ಯಾಸ್ ಇದೆ. ಕುಚ್ಚಲಕ್ಕಿ ಬೇಯಲು ಬಹಳ ಹೊತ್ತು ಬೇಕು, ಅದಕ್ಕೆ ಸೌದೆ ಒಲೆ. ಬಚ್ಚಲಿನ ಹಂಡೆಗೆ ತೆಂಗಿನ ಮಡಲು, ಸಿಪ್ಪೆ. ಘಟ್ಟದ ಮೇಲೆ ಅಡಿಕೆ ಬೇಯಿಸುವ ಒಲೆ. ಸಿಲಿಂಡರ್ ಬಂದಿದೆ, ಹೊಗೆ ಹೋಗಿಲ್ಲ. ಒಲೆ ಊದುವವರು ಇಂದಿಗೂ ಮನೆಯ ಹೆಂಗಸರೇ.

ಇನ್ನು ಧೂಳು. ಹುಬ್ಬಳ್ಳಿ-ಧಾರವಾಡದ ಜನ ತಮ್ಮ ಊರನ್ನು ತಾವೇ 'ಧೂಳವಾಡ' ಎಂದು ತಮಾಷೆ ಮಾಡುವುದುಂಟು. ಎರೆಮಣ್ಣಿನ ಸೀಮೆ, ಬೇಸಿಗೆಯ ಗಾಳಿ, ಅಗೆದು ಮುಚ್ಚದ ರಸ್ತೆಗಳು. ಎರಡು ಊರುಗಳ ನಡುವಿನ ಬಿಆರ್‌ಟಿಎಸ್ ರಸ್ತೆ ಕಾಮಗಾರಿ ವರ್ಷಗಳ ಕಾಲ ನಡೆದು 2020ರ ಫೆಬ್ರವರಿ 2ರಂದು ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಚಿಗರಿ ಬಸ್ಸು ಬಂದು ಪ್ರಯಾಣ ಸುಲಭವಾಯಿತು, ನಿಜ. ಆ ವರ್ಷಗಳ ಧೂಳು ಮಾತ್ರ ರಸ್ತೆಬದಿಯ ಅಂಗಡಿಕಾರರ, ಪೌರಕಾರ್ಮಿಕರ, ಟ್ರಾಫಿಕ್ ಪೊಲೀಸರ ಎದೆಯಲ್ಲಿ ಉಳಿಯಿತು. ಕೇಂದ್ರ ಸರ್ಕಾರ 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಂಭಿಸಿದಾಗ ಗಾಳಿಯ ಗುಣಮಟ್ಟದ ಮಿತಿ ಮೀರಿದ ಕರ್ನಾಟಕದ ನಾಲ್ಕು ನಗರಗಳನ್ನು ಹೆಸರಿಸಿತು: ಬೆಂಗಳೂರು, ದಾವಣಗೆರೆ, ಕಲಬುರಗಿ ಮತ್ತು ಹುಬ್ಬಳ್ಳಿ-ಧಾರವಾಡ. ನಮ್ಮ ದೇಶದ ಮಾನದಂಡದಂತೆ ದೊಡ್ಡ ಧೂಳಿನ ಕಣಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಕೇವಲ 15. ನಮ್ಮ ಸಡಿಲ ಮಿತಿಯನ್ನೇ ಮೀರಿದ ಊರಿಗೆ ನಮ್ಮ ಮಕ್ಕಳು ಓದಲು, ರೈಲ್ವೆ ನೌಕರಿಗೆ, ವ್ಯಾಪಾರಕ್ಕೆ ಹೋಗುತ್ತಿದ್ದಾರೆ ಎಂಬುದನ್ನು ಪಾಲಕರು ಗಮನಿಸಬೇಕು.

ಕವಾಟ ಮಾಡುವುದೇನು?

ಹಾಳಾದ ಶ್ವಾಸಕೋಶದ ಒಂದು ಬಗೆಗೆ ಎಂಫಿಸೀಮ ಎನ್ನುತ್ತಾರೆ. ಶ್ವಾಸಕೋಶದ ಸಣ್ಣ ಗಾಳಿಚೀಲಗಳ ಗೋಡೆಗಳು ಒಡೆದು, ಅಲ್ಲಿ ದೊಡ್ಡ ದೊಡ್ಡ ಪೊಳ್ಳುಗಳಾಗುತ್ತವೆ. ಒಳಗೆ ಹೋದ ಗಾಳಿ ಹೊರಗೆ ಬರುವುದಿಲ್ಲ. ಹಳೆಯ ಬಲೂನಿನಂತೆ ಆ ಭಾಗ ಉಬ್ಬಿಕೊಂಡೇ ಇರುತ್ತದೆ.

ಸಂತೆಯ ದಿನದ ಬಸ್ಸನ್ನು ನೆನಪಿಸಿಕೊಳ್ಳಿ. ಸೀಟಿನ ಮೇಲೆ ಯಾರೋ ಒಂದು ದೊಡ್ಡ ಮೂಟೆ ಇಟ್ಟಿದ್ದಾರೆ. ಮೂಟೆ ಟಿಕೆಟ್ ತೆಗೆದುಕೊಳ್ಳುವುದಿಲ್ಲ, ಇಳಿಯುವುದೂ ಇಲ್ಲ. ಟಿಕೆಟ್ ಕೊಂಡ ಜನ ಮಾತ್ರ ಪಕ್ಕದಲ್ಲಿ ಇಕ್ಕಟ್ಟಿನಲ್ಲಿ ನಿಂತಿದ್ದಾರೆ. ಉಬ್ಬಿದ ಭಾಗ ಆ ಮೂಟೆ. ಪಕ್ಕದ ಒಳ್ಳೆಯ ಭಾಗಕ್ಕೆ ಹಿಗ್ಗಲು ಜಾಗವಿಲ್ಲ, ಕೆಳಗಿನ ವಪೆ ಕೂಡ ಒತ್ತಡಕ್ಕೆ ಚಪ್ಪಟೆಯಾಗಿ ಸರಿಯಾಗಿ ಕೆಲಸ ಮಾಡುವುದಿಲ್ಲ.

ಮೂಟೆಯನ್ನು ತೆಗೆದರೆ ಉಳಿದವರಿಗೆ ಜಾಗ ಸಿಗುತ್ತದಲ್ಲವೇ ಎಂಬ ವಿಚಾರ 1950ರ ದಶಕದಷ್ಟು ಹಳೆಯದು. ಅಮೆರಿಕದ ಶಸ್ತ್ರವೈದ್ಯ ಓಟೊ ಬ್ರಾಂಟಿಗನ್ ಎದೆ ತೆರೆದು ಉಬ್ಬಿದ ಭಾಗವನ್ನು ಕತ್ತರಿಸಿ ತೆಗೆಯಲು ನೋಡಿದರು. ಸಾವುಗಳು ಹೆಚ್ಚಾದ್ದರಿಂದ ಅದು ನಿಂತಿತು. 1990ರ ದಶಕದಲ್ಲಿ ಜೋಯೆಲ್ ಕೂಪರ್ ಅದನ್ನು ಸುಧಾರಿಸಿ ಮತ್ತೆ ತಂದರು. ಆಗ 1,218 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಶ್ವಾಸಕೋಶದ ಮೇಲ್ಭಾಗದಲ್ಲೇ ಹೆಚ್ಚು ಹಾನಿಯಾಗಿ, ನಡೆಯುವ ಶಕ್ತಿ ಬಹಳ ಕುಂದಿದವರಿಗೆ ಶಸ್ತ್ರಚಿಕಿತ್ಸೆಯಿಂದ ಲಾಭವಾಯಿತು. ಆದರೆ ಶ್ವಾಸಕೋಶ ಅತಿಯಾಗಿ ಹಾಳಾದ ಒಂದು ಗುಂಪಿನಲ್ಲಿ ನೂರಕ್ಕೆ ಹದಿನಾರು ಮಂದಿ ತಿಂಗಳೊಳಗೇ ತೀರಿಕೊಂಡರು. ಒಂದೇ ಚಿಕಿತ್ಸೆ, ಒಬ್ಬರಿಗೆ ವರ, ಇನ್ನೊಬ್ಬರಿಗೆ ಮೃತ್ಯು. ಯಾರಿಗೆ ಮಾಡಬೇಕು ಎಂಬ ಆಯ್ಕೆಯೇ ಮುಖ್ಯ ಎಂಬ ಪಾಠ ಅಲ್ಲಿಂದ ಬಂತು.

ಕೊಯ್ಯದೆಯೇ ಆ ಕೆಲಸ ಮಾಡುವ ಹುಡುಕಾಟದ ಫಲವೇ ಕವಾಟ. ಇದು ಬೆರಳ ತುದಿಗಿಂತ ಸಣ್ಣದು. ನಳಿಕೆಯ ಮೂಲಕ ಇದನ್ನು ಉಬ್ಬಿದ ಭಾಗದ ಶ್ವಾಸನಾಳಗಳಲ್ಲಿ ಕೂರಿಸುತ್ತಾರೆ. ಸಾಮಾನ್ಯವಾಗಿ ಒಬ್ಬರಿಗೆ ಮೂರು-ನಾಲ್ಕು ಬೇಕಾಗುತ್ತವೆ. ಉಸಿರು ಬಿಟ್ಟಾಗ ಗಾಳಿ ಹೊರಹೋಗುತ್ತದೆ, ಎಳೆದುಕೊಂಡಾಗ ಕವಾಟ ಮುಚ್ಚಿಕೊಳ್ಳುತ್ತದೆ. ಆ ಭಾಗ ಕುಗ್ಗುತ್ತದೆ, ಪಕ್ಕದ ಭಾಗ ಹಿಗ್ಗುತ್ತದೆ. ಬೇಡವೆನಿಸಿದರೆ ಕವಾಟವನ್ನು ಹೊರತೆಗೆಯಲೂಬಹುದು.

ಆರಂಭದ ದಿನಗಳಲ್ಲಿ, ಅಂದರೆ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಾಭ ಅಲ್ಪವೇ ಇತ್ತು. ಕಾರಣ ನಂತರ ಸ್ಪಷ್ಟವಾಯಿತು. ಶ್ವಾಸಕೋಶದ ಕೋಣೆಗಳ ನಡುವೆ ಗೋಡೆ ಇರುತ್ತದೆ. ಕೆಲವರಲ್ಲಿ ಆ ಗೋಡೆ ಅಪೂರ್ಣ. ಮುಂಬಾಗಿಲಿಗೆ ಬೀಗ ಹಾಕಿದರೂ ಪಕ್ಕದ ಕೋಣೆಯಿಂದ ಗಾಳಿ ನುಗ್ಗುತ್ತದೆ, ಕವಾಟ ವ್ಯರ್ಥವಾಗುತ್ತದೆ. ಸಿ.ಟಿ. ಸ್ಕ್ಯಾನ್ ಮತ್ತು ಬಲೂನ್ ಪರೀಕ್ಷೆಯಿಂದ ಇದನ್ನು ಮೊದಲೇ ತಿಳಿದು, ಗೋಡೆ ಪೂರ್ಣವಿದ್ದವರನ್ನಷ್ಟೇ ಆರಿಸತೊಡಗಿದ ಮೇಲೆ ಫಲಿತಾಂಶ ಬದಲಾಯಿತು. 2018ರಲ್ಲಿ ಪ್ರಕಟವಾದ 190 ರೋಗಿಗಳ ಅಧ್ಯಯನದಲ್ಲಿ ಕವಾಟ ಹಾಕಿಸಿಕೊಂಡ ನೂರರಲ್ಲಿ ಸುಮಾರು 48 ಮಂದಿಗೆ ಒಂದು ವರ್ಷದ ನಂತರ ಉಸಿರು ಊದುವ ಶಕ್ತಿಯಲ್ಲಿ ಗಮನಾರ್ಹ ಸುಧಾರಣೆ ಕಂಡಿತು; ಹಾಕಿಸಿಕೊಳ್ಳದವರಲ್ಲಿ ಸುಮಾರು 17 ಮಂದಿಗೆ. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಒಪ್ಪಿಗೆ ಕೊಟ್ಟಿತು.

ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ವಿಡಿಯೋಗಳು ಹೇಳುವುದಿಲ್ಲ. ಕವಾಟ ಹಾಕಿಸಿಕೊಂಡ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಮೊದಲ ಒಂದೂವರೆ ತಿಂಗಳೊಳಗೆ ಶ್ವಾಸಕೋಶ ತೂತಾಗಿ ಎದೆಯೊಳಗೆ ಗಾಳಿ ಸೋರಿತು. 128 ಮಂದಿಯಲ್ಲಿ ನಾಲ್ವರು ಆ ಅವಧಿಯಲ್ಲಿ ತೀರಿಕೊಂಡರು. ಆದ್ದರಿಂದಲೇ ಚಿಕಿತ್ಸೆಯ ನಂತರ ಕನಿಷ್ಠ ಮೂರು ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಳ್ಳಬೇಕು, ಎದೆಗೆ ನಳಿಕೆ ಹಾಕಬಲ್ಲ ವೈದ್ಯರು ಹಗಲಿರುಳು ಇರಬೇಕು. ಕೊಯ್ಯುವುದಿಲ್ಲ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದಲ್ಲ. ಬ್ರಿಟನ್ನಿನಲ್ಲಿ 88 ರೋಗಿಗಳಲ್ಲಿ ಶಸ್ತ್ರಚಿಕಿತ್ಸೆಯನ್ನೂ ಕವಾಟವನ್ನೂ ಹೋಲಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನ, ಒಂದು ವರ್ಷದ ನಂತರ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದಿತು.

ಇದೇ ದಾರಿಯಲ್ಲಿ ಬಂದ ಬೇರೆ ಉಪಾಯಗಳ ಕಥೆಯನ್ನೂ ನೆನಪಿಡಬೇಕು. ಸುರುಳಿ ತಂತಿಯನ್ನು ಶ್ವಾಸಕೋಶದೊಳಗೆ ಇಳಿಸುವ ವಿಧಾನ ಒಂದು ಕಾಲಕ್ಕೆ ದೊಡ್ಡ ಸುದ್ದಿಯಾಗಿತ್ತು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಗಲಿಲ್ಲ, ತಯಾರಿಕೆಯೂ ನಿಂತಿತು. ಹೊಸದೆಲ್ಲ ಒಳ್ಳೆಯದಲ್ಲ, ಹಳೆಯದೆಲ್ಲ ಕೆಟ್ಟದ್ದೂ ಅಲ್ಲ.

ಯಾರಿಗೆ, ಎಷ್ಟಕ್ಕೆ, ಎಲ್ಲಿ?

ಕವಾಟ ಯಾರಿಗೆ ಹೊಂದುತ್ತದೆ? ಎಂಫಿಸೀಮ ಖಚಿತವಾಗಿರಬೇಕು. ಬೀಡಿ-ಸಿಗರೇಟು ತಿಂಗಳುಗಳ ಹಿಂದೆಯೇ ಪೂರ್ತಿ ಬಿಟ್ಟಿರಬೇಕು. ಇನ್‌ಹೇಲರ್ ಮತ್ತು ವ್ಯಾಯಾಮದ ಚಿಕಿತ್ಸೆಯನ್ನು ಸರಿಯಾಗಿ ಮುಗಿಸಿಯೂ ಉಸಿರುಗಟ್ಟುತ್ತಿರಬೇಕು. ಶ್ವಾಸಕೋಶದಲ್ಲಿ ಗಾಳಿ ವಿಪರೀತ ತುಂಬಿಕೊಂಡಿರಬೇಕು, ಕೋಣೆಯ ಗೋಡೆ ಪೂರ್ಣವಾಗಿರಬೇಕು. ಸೋಂಕು ಇರಬಾರದು. ಈ ಜರಡಿಯಲ್ಲಿ ಉಳಿಯುವವರು ಸಿಒಪಿಡಿ ರೋಗಿಗಳಲ್ಲಿ ಬಹಳ ಸಣ್ಣ ಪಾಲು. ನಮ್ಮಲ್ಲಿ ಕ್ಷಯರೋಗ ಬಂದು ವಾಸಿಯಾದ ಮೇಲೂ ಶ್ವಾಸಕೋಶದಲ್ಲಿ ಕಲೆ ಉಳಿದು ದಮ್ಮು ಕಾಡುವವರು ಅನೇಕರು. ಒಲೆಯ ಹೊಗೆಯಿಂದ ಬಳಲುವವರಲ್ಲಿ ಪೊಳ್ಳಿಗಿಂತ ಶ್ವಾಸನಾಳದ ಊತ, ಕಫವೇ ಹೆಚ್ಚಾಗಿ ಕಾಣುತ್ತದೆ. ಇವರಿಗೆ ಕವಾಟದಿಂದ ಪ್ರಯೋಜನವಿಲ್ಲ. ಅಂದರೆ ನಮ್ಮ ಒಲೆ ಊದಿದ ತಾಯಂದಿರಿಗಾಗಿ ಈ ಕವಾಟ ಹುಟ್ಟಿದ್ದಲ್ಲ ಎಂಬುದು ಕಹಿಯಾದರೂ ಹೇಳಲೇಬೇಕಾದ ಮಾತು.

ಖರ್ಚು ಹಲವು ಲಕ್ಷ ರೂಪಾಯಿ. ಮಾಡುವವರು ದೊಡ್ಡ ನಗರಗಳ ಕೆಲವೇ ಆಸ್ಪತ್ರೆಗಳು. 2018ರಲ್ಲಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಂದು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಭದ್ರತೆ ದೊರೆತಿದೆ. ಬಹಳ ಕುಟುಂಬಗಳನ್ನು ಅದು ಸಾಲದಿಂದ ಉಳಿಸಿದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಯೋಜನೆ. ಸಿಒಪಿಡಿ ರೋಗಿಗೆ ಬೇಕಾದದ್ದು ತಿಂಗಳು ತಿಂಗಳು ಇನ್‌ಹೇಲರ್, ದಿನವೂ ವ್ಯಾಯಾಮ, ಅಗತ್ಯವಿದ್ದರೆ ಮನೆಯಲ್ಲಿ ಆಕ್ಸಿಜನ್. ಉಸಿರು ಕಟ್ಟಿ ಬಿದ್ದರೆ ಹಣವುಂಟು, ಬೀಳದಂತೆ ನೋಡಿಕೊಳ್ಳಲು ಹಣವಿಲ್ಲ ಎಂಬ ಸ್ಥಿತಿ ಇದು. 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಟಯೋಟ್ರೋಪಿಯಂ, ಬುಡೆಸೊನೈಡ್-ಫಾರ್ಮೊಟೆರಾಲ್, ಸಾಲ್ಬುಟಮಾಲ್ ಇನ್‌ಹೇಲರ್‌ಗಳಿವೆ. ಪಟ್ಟಿಯಲ್ಲಿರುವುದು ಬೇರೆ, ತಾಲೂಕು ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಪ್ರತಿ ತಿಂಗಳೂ ಸಿಗುವುದು ಬೇರೆ. ಊದಿಸಿ ಶ್ವಾಸದ ಶಕ್ತಿ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಇಲ್ಲದೆ ಈ ಕಾಯಿಲೆಯನ್ನು ಖಚಿತಪಡಿಸಲಾಗದು. ಆ ಸರಳ ಪರೀಕ್ಷೆಗೂ ಹಳ್ಳಿಯ ರೋಗಿ ಹುಬ್ಬಳ್ಳಿ ಬಸ್ಸು ಹತ್ತಬೇಕು.

ಇಂಥ ಖಾಲಿ ಜಾಗದಲ್ಲಿ ಆಸೆ ಬೇರೆ ದಾರಿ ಹುಡುಕುತ್ತದೆ. ಮೃಗಶಿರ ನಕ್ಷತ್ರದ ದಿನ ಹೈದರಾಬಾದಿನ ಮೀನಿನ ಔಷಧಿಗೆ, ಕೊಪ್ಪಳ ಸಮೀಪದ ಕುಟಗನಹಳ್ಳಿಯ ಔಷಧಿಗೆ ಸಾವಿರಾರು ಜನ ಹೋಗುತ್ತಾರೆ. ನಮ್ಮ ಕ್ರೈಸ್ತ ಬಂಧುಗಳೂ ಆ ಸಾಲಿನಲ್ಲಿ ಇಲ್ಲದಿಲ್ಲ. ಅವರನ್ನು ಮೂಢರೆಂದು ಹಳಿಯುವುದು ಸುಲಭ. ಆದರೆ ತಿಂಗಳ ಇನ್‌ಹೇಲರ್ ಕೊಳ್ಳಲಾಗದವನು ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಔಷಧಿಗೆ ಕೈಯೊಡ್ಡಿದರೆ ತಪ್ಪು ಅವನೊಬ್ಬನದೇ? ಲಕ್ಷಗಟ್ಟಲೆಯ ಕವಾಟವನ್ನೂ ಪರೀಕ್ಷೆ ಇಲ್ಲದೆ, ವಿಡಿಯೋ ನಂಬಿ ಬೇಡಿದರೆ, ಅದೂ ಅದೇ ಬಗೆಯ ಆಸೆಯೇ.

ವಿಶ್ವಗುರುವಿನ ಶ್ವಾಸಕೋಶ

2025ರ ಫೆಬ್ರವರಿ 14ರಿಂದ ಮಾರ್ಚ್ 23ರವರೆಗೆ ವಿಶ್ವಗುರು ಫ್ರಾನ್ಸಿಸ್ ರೋಮಿನ ಜೆಮೆಲ್ಲಿ ಆಸ್ಪತ್ರೆಯಲ್ಲಿದ್ದ 38 ದಿನ ಇಡೀ ಧರ್ಮಸಭೆ ಅವರ ಒಂದೊಂದು ಉಸಿರನ್ನೂ ಎಣಿಸಿತು. ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡೇ ಅವರು ಜನರೆದುರು ಬಂದರು, ಮರೆಮಾಚಲಿಲ್ಲ. ಏಪ್ರಿಲ್ 21ರಂದು ಅವರು ನಿಧನರಾದರು. 1957ರಲ್ಲಿ, 21ನೆಯ ವಯಸ್ಸಿನಲ್ಲಿ, ಬ್ಯೂನಸ್ ಐರಿಸ್‌ನಲ್ಲಿ ಗುರುವಿದ್ಯಾರ್ಥಿಯಾಗಿದ್ದಾಗಲೇ ಎದೆ ತೆರೆದು ಅವರ ಬಲ ಶ್ವಾಸಕೋಶದ ಮೇಲ್ಭಾಗವನ್ನು ತೆಗೆದಿದ್ದರು. ಆಗ ತಮ್ಮ ಜೀವ ಉಳಿಯಲು ಕಾರಣ ಶುಶ್ರೂಷೆ ಮಾಡುತ್ತಿದ್ದ ಇಟಲಿಯ ಡೊಮಿನಿಕನ್ ಧರ್ಮಭಗಿನಿ ಕೊರ್ನೇಲಿಯ ಕರಾಲ್ಯೊ ಎಂದು ಅವರು ನೆನೆಯುತ್ತಿದ್ದರು. ವೈದ್ಯರು ಹೇಳಿದ ಔಷಧಿಯ ಪ್ರಮಾಣ ಸಾಲದೆಂದು ರೋಗಿಗಳ ಬಳಿ ದಿನವಿಡೀ ಇದ್ದ ಆ ಭಗಿನಿ ಗುರುತಿಸಿ ಅದನ್ನು ಎರಡು ಪಟ್ಟು ಮಾಡಿಸಿದ್ದರು. ಯಂತ್ರ, ಔಷಧ ಎಲ್ಲವೂ ಬೇಕು. ಅದರ ಜೊತೆಗೆ ಪಕ್ಕದಲ್ಲಿ ಕುಳಿತು ನೋಡುವ ಕಣ್ಣೂ ಬೇಕು.

ಈ ವಿಷಯದಲ್ಲಿ ಧರ್ಮಸಭೆಯ ಬೋಧನೆ ಸ್ಪಷ್ಟವಾಗಿದೆ. 1957ರ ನವೆಂಬರ್ 24ರಂದು ವಿಶ್ವಗುರು ಹನ್ನೆರಡನೆಯ ಭಕ್ತಿನಾಥರು ಅರಿವಳಿಕೆ ತಜ್ಞರಿಗೆ ಮಾಡಿದ ಭಾಷಣದಲ್ಲಿ, ಜೀವ ಉಳಿಸಿಕೊಳ್ಳಲು ಸಾಮಾನ್ಯ ಸಾಧನಗಳನ್ನು ಬಳಸುವುದು ಕರ್ತವ್ಯ, ತನಗೂ ಕುಟುಂಬಕ್ಕೂ ವಿಪರೀತ ಹೊರೆಯಾಗುವ ಅಸಾಮಾನ್ಯ ಸಾಧನಗಳನ್ನು ಬಳಸಲೇಬೇಕೆಂಬ ಕಟ್ಟುಪಾಡಿಲ್ಲ ಎಂದು ತಿಳಿಸಿದರು. 1980ರ ವ್ಯಾಟಿಕನ್ ಘೋಷಣೆಯೂ ಧರ್ಮೋಪದೇಶ ಸಂಗ್ರಹವೂ ಇದನ್ನೇ ವಿವರಿಸಿವೆ. ನಿರೀಕ್ಷಿತ ಫಲ ಎಷ್ಟು, ಹೊರೆ ಎಷ್ಟು ಎಂದು ತೂಗಿ ನೋಡುವುದು ವಿಶ್ವಾಸದ ಕೊರತೆಯಲ್ಲ. ಹೊಲ ಮಾರದಿದ್ದರೆ ತಾಯಿಯ ಮೇಲೆ ಪ್ರೀತಿಯಿಲ್ಲ ಎಂದು ಮಗನ ಎದೆಯ ಮೇಲೆ ಕಲ್ಲು ಹೇರುವ ಹಕ್ಕು ಯಾರಿಗೂ ಇಲ್ಲ. ಹಾಗೆಯೇ, ವಯಸ್ಸಾಯಿತು ಬಿಡಿ ಎಂದು ಸಾಮಾನ್ಯ ಚಿಕಿತ್ಸೆಯನ್ನೂ ಕೊಡಿಸದೆ ಕೈಚೆಲ್ಲುವ ಹಕ್ಕೂ ಇಲ್ಲ. ನಮ್ಮಲ್ಲಿ ಎರಡನೆಯ ತಪ್ಪೇ ಹೆಚ್ಚು ಎಂಬುದು ನಮ್ಮ ಅನುಭವ.

ಧರ್ಮಕೇಂದ್ರಗಳು ಏನು ಮಾಡಬಹುದು?

ಮೊದಲನೆಯದಾಗಿ, ನೆರವಿನ ಅರ್ಜಿ ಬಂದಾಗ ನಾಲ್ಕು ಪ್ರಶ್ನೆ ಕೇಳೋಣ. ಸ್ಪೈರೋಮೆಟ್ರಿ ಆಗಿದೆಯೇ? ಸಿ.ಟಿ. ನೋಡಿ ಕವಾಟ ಹೊಂದುತ್ತದೆಂದು ಶ್ವಾಸಕೋಶ ತಜ್ಞರು ಬರೆದುಕೊಟ್ಟಿದ್ದಾರೆಯೇ? ಇನ್‌ಹೇಲರ್ ಮತ್ತು ವ್ಯಾಯಾಮವನ್ನು ಸರಿಯಾಗಿ ಮಾಡಿ ನೋಡಿದ್ದಾರೆಯೇ? ಈ ಚಿಕಿತ್ಸೆ ಮಾಡದ ಬೇರೊಬ್ಬ ವೈದ್ಯರ ಅಭಿಪ್ರಾಯ ಕೇಳಿದ್ದಾರೆಯೇ? ಈ ನಾಲ್ಕಕ್ಕೂ ಹೌದು ಎಂದಾದರೆ ಮನಃಪೂರ್ವಕ ನೆರವಾಗೋಣ. ಯೋಗ್ಯ ರೋಗಿಗೆ ಕವಾಟ ನಿಜಕ್ಕೂ ಹೊಸ ಉಸಿರು ಕೊಡಬಲ್ಲದು.

ಎರಡನೆಯದು, ಇನ್‌ಹೇಲರ್ ಎಳೆಯುವ ರೀತಿ. ಮೂರು ವರ್ಷದಿಂದ ಇನ್‌ಹೇಲರ್ ಬಳಸುತ್ತಿದ್ದರೂ ಔಷಧಿ ಗಂಟಲಿಗಷ್ಟೇ ಹೋಗುತ್ತಿದ್ದವರನ್ನು ನಾವು ಕಂಡಿದ್ದೇವೆ. ಕಿರು ಕ್ರೈಸ್ತ ಸಮುದಾಯಗಳ ಸಭೆಯಲ್ಲಿ ನರ್ಸ್ ಒಬ್ಬರು ಹತ್ತು ನಿಮಿಷ ತೋರಿಸಿಕೊಟ್ಟರೆ ಸಾಕು. ನಮ್ಮ ಪ್ರತಿ ಧರ್ಮಕೇಂದ್ರದಲ್ಲೂ ಗಲ್ಫಿನಲ್ಲೋ ಮಂಗಳೂರಿನಲ್ಲೋ ದುಡಿದು ನಿವೃತ್ತರಾದ ನರ್ಸ್‌ಗಳು ಇದ್ದೇ ಇದ್ದಾರೆ. ತುಟಿ ಮುಂದೆ ಮಾಡಿ ನಿಧಾನವಾಗಿ ಉಸಿರು ಬಿಡುವುದು, ದಿನವೂ ಸ್ವಲ್ಪ ದೂರ ನಡೆಯುವುದು, ಫ್ಲೂ ಹಾಗೂ ನ್ಯುಮೋನಿಯಾ ಲಸಿಕೆ ಬಗ್ಗೆ ವೈದ್ಯರನ್ನು ಕೇಳುವುದು ಇವೆಲ್ಲ ದೊಡ್ಡ ಖರ್ಚಿನವಲ್ಲ.

ಮೂರನೆಯದು, 2021ರ ಕೋವಿಡ್ ಅಲೆಯಲ್ಲಿ ನಮ್ಮ ಸಂಸ್ಥೆಗಳಿಗೆ ದಾನವಾಗಿ ಬಂದ ಆಕ್ಸಿಜನ್ ಕಾನ್ಸೆಂಟ್ರೇಟರ್‌ಗಳು ಈಗ ಎಲ್ಲಿವೆ? ಎಷ್ಟೋ ಕಡೆ ಸಭಾಭವನದ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿವೆ. ರಕ್ತದಲ್ಲಿ ಆಮ್ಲಜನಕ ತೀರಾ ಕಡಿಮೆಯಿರುವ ರೋಗಿಗೆ ದಿನಕ್ಕೆ 15 ಗಂಟೆಗೂ ಹೆಚ್ಚು ಆಕ್ಸಿಜನ್ ಕೊಟ್ಟರೆ ಆಯಸ್ಸು ಹೆಚ್ಚುತ್ತದೆ ಎಂಬುದು 1980 ಮತ್ತು 1981ರ ಅಧ್ಯಯನಗಳಿಂದಲೇ ಗೊತ್ತು. ಆ ಯಂತ್ರಗಳನ್ನು ದುರಸ್ತಿ ಮಾಡಿಸಿ, ವೈದ್ಯರ ಚೀಟಿ ಇದ್ದವರಿಗೆ ಮಾತ್ರ ಎರವಲು ಕೊಡೋಣ. ಉಸಿರು ಕಟ್ಟಿದವರಿಗೆಲ್ಲ ಆಕ್ಸಿಜನ್ ಬೇಕಿಲ್ಲ. ಹೆಚ್ಚಾದರೆ ಕೆಲವರಿಗೆ ಅಪಾಯವೂ ಹೌದು. ಯಂತ್ರವಿರುವ ಕೋಣೆಯಲ್ಲಿ ಬೀಡಿ ಮಾತ್ರವಲ್ಲ, ದೇವರ ಪೀಠದ ಮೇಣದಬತ್ತಿಯೂ ಉರಿಯಬಾರದು.

ನಾಲ್ಕನೆಯದು, ನಮ್ಮ ದೇವಾಲಯದೊಳಗಿನ ಹೊಗೆ. ಧೂಪಾರತಿ ನಮ್ಮ ಆರಾಧನೆಯ ಸೊಗಸು. ಆದರೆ ಕಿಟಕಿ ಮುಚ್ಚಿದ ದೇವಾಲಯದಲ್ಲಿ ಮುಂದಿನ ಸಾಲಿನ ಹಿರಿಯರು ಕೆಮ್ಮುತ್ತಾ ಎದ್ದು ಹೋಗುವುದನ್ನು ನಾವೇ ಪೀಠದಿಂದ ನೋಡಿದ್ದೇವೆ. ಪ್ರಮಾಣ ತಗ್ಗಿಸಿದರೆ ಆರಾಧನೆಯ ಗೌರವ ತಗ್ಗದು. ಮೆಟ್ಟಿಲು ಹತ್ತಲಾಗದೆ ಭಾನುವಾರದ ಬಲಿಪೂಜೆ ಬಿಟ್ಟವರ ಮನೆಗೆ ಪರಮ ಪ್ರಸಾದ ಒಯ್ಯುವ ಕೆಲಸ ಹಬ್ಬಕ್ಕೊಮ್ಮೆ ಆಗದೆ ವಾರಕ್ಕೊಮ್ಮೆ ಆಗಲಿ.

ಕೊನೆಯದಾಗಿ, ಬೇಡಿಕೆ ಇಡುವುದನ್ನು ಕಲಿಯೋಣ. ತಾಲೂಕು ಆಸ್ಪತ್ರೆಯಲ್ಲಿ ಸ್ಪೈರೋಮೀಟರ್, ಪ್ರತಿ ತಿಂಗಳೂ ತಪ್ಪದೆ ಇನ್‌ಹೇಲರ್, ಅಗೆದ ರಸ್ತೆಗೆ ನೀರು ಚಿಮುಕಿಸಿ ಬೇಗ ಮುಚ್ಚುವ ಶಿಸ್ತು. ಇವು ಯಾವ ಪಕ್ಷದ ರಾಜಕೀಯವೂ ಅಲ್ಲ. 2015ರ 'ಲೌದಾತೊ ಸಿ' ವಿಶ್ವಪರಿಪತ್ರ ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಒಟ್ಟಿಗೇ ಕೇಳಬೇಕೆಂದು ಕರೆಕೊಟ್ಟಿದೆ. ಧೂಳು ತಿಂದ ಶ್ವಾಸಕೋಶದಲ್ಲಿ ಆ ಎರಡೂ ಒಂದೇ ದನಿಯಾಗಿ ಕೇಳುತ್ತವೆ.

ಹಳಿಯಾಳದ ಆ ಮಗನಿಗೆ ನಾವು ಅಂದು ಹೇಳಿದ್ದು ಇಷ್ಟೇ: ಹೊಲದ ಮಾತು ಆಮೇಲೆ, ಮೊದಲು ಪರೀಕ್ಷೆ ಆಗಲಿ. ಪರೀಕ್ಷೆಯಾಯಿತು. ಹಾನಿ ಶ್ವಾಸಕೋಶದ ತುಂಬ ಒಂದೇ ಸಮನಾಗಿ ಹರಡಿತ್ತು, ಹಳೆಯ ಕ್ಷಯದ ಕಲೆಯೂ ಇತ್ತು. ಕವಾಟ ಹೊಂದುವುದಿಲ್ಲ ಎಂದು ವೈದ್ಯರು ನೇರವಾಗಿ ಹೇಳಿದರು. ಮಗ ಅತ್ತ. ಹೊಲ ಉಳಿಯಿತು. ಈಗ ಆ ತಾಯಿಗೆ ಸರಿಯಾದ ಇನ್‌ಹೇಲರ್ ಇದೆ, ಎರವಲು ಯಂತ್ರವಿದೆ, ಬಚ್ಚಲ ಒಲೆಯನ್ನು ಸೊಸೆ ಅಂಗಳದಾಚೆ ಕಟ್ಟಿಸಿದ್ದಾಳೆ. ಆಕೆ ಗುಣವಾಗಿಲ್ಲ, ಆಗುವುದೂ ಇಲ್ಲ. ಆದರೆ ಕಳೆದ ಬಾರಿ ನಾವು ಹೋದಾಗ ಹಾಸಿಗೆಯಿಂದ ಎದ್ದು, ಎರಡು ಕಡೆ ನಿಂತು ಸುಧಾರಿಸಿಕೊಂಡು, ಬಾಗಿಲವರೆಗೆ ಬಂದು "ಬರ್ರೀ ಫಾದರ್, ಒಳಗ ಬರ್ರಿ" ಎಂದರು. ಮಾತು ಈ ಬಾರಿ ಒಂದೇ ಉಸಿರಿನಲ್ಲಿ ಬಂತು.

ಮಣ್ಣಿನ ಮನುಷ್ಯನ ಮೂಗಿನಲ್ಲಿ ದೇವರು ತಮ್ಮ ಶ್ವಾಸವನ್ನೇ ಊದಿದರು ಎಂದು ನಂಬುವವರು ನಾವು. ಆ ಶ್ವಾಸ ಕಟ್ಟಿಕೊಂಡವರು ನಮ್ಮ ಪ್ರತಿ ವಾರ್ಡಿನಲ್ಲೂ ಇದ್ದಾರೆ. ಮುಂದಿನ ಫೆಬ್ರವರಿ 11ರ ವಿಶ್ವ ರೋಗಿಗಳ ದಿನಕ್ಕೆ ಕಾಯದೆ, ಈ ವಾರವೇ ಅಂಥ ಒಂದು ಮನೆಯ ಬಾಗಿಲು ತಟ್ಟೋಣ. ಅವರು ಬಂದು ಬಾಗಿಲು ತೆರೆಯಲು ತಡವಾದರೆ ಕಾಯೋಣ.